ಹಗಲಿಗಿಂತ ರಾತ್ರಿ ಮೀನಿನ ಪದರ ಮಂಕಾಗುವುದು ಏಕೆ? 18 ಮತ್ತು 38 ಕಿಲೋಹರ್ಟ್ಸ್ ಎರಡೂ ಬೇರೆ ಬೇರೆ ಹೇಳುತ್ತಿವೆ

ಕುಂದುವಾಡ_ಕೆರೆ

ದಾವಣಗೆರೆಯಲ್ಲಿ ಎಂ.ಎಸ್ಸಿ. ಫಿಸಿಕ್ಸ್, ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್. ವಿಷಯ: ಆಳಸಮುದ್ರದ ಮೀನುಗಳು ನೀರಿನೊಳಗಿನ ಧ್ವನಿಯನ್ನು ಚದುರಿಸುವ ಬಗೆ. ಎಲ್ಲರಿಗೂ ತೆರೆದಿರುವ ಸಂಗ್ರಹದಿಂದ ಇಳಿಸಿಕೊಂಡ ಹಡಗಿನ ಎಕೋ ಸೌಂಡರ್ (ನೀರಿಗೆ ಧ್ವನಿ ಕಳಿಸಿ ಪ್ರತಿಧ್ವನಿ ದಾಖಲಿಸುವ ಉಪಕರಣ) ಕಡತಗಳಿವೆ. ಫ್ರೀಕ್ವೆನ್ಸಿ 18, 38, 120 ಮತ್ತು 200 ಕಿಲೋಹರ್ಟ್ಸ್, ಪಿಂಗ್ (ಒಂದು ಸಲ ಕಳಿಸುವ ಧ್ವನಿಮಿಡಿತ) ಅಂತರ 2 ಸೆಕೆಂಡ್. ಪೈಥಾನ್‌ನ ಎಕೋಪೈಪ್ ತಂತ್ರಾಂಶದಲ್ಲಿ ಓದಿಸಿದ್ದೇನೆ.

ಕಂಡದ್ದು ಇಷ್ಟು. ಹಗಲಲ್ಲಿ ಸುಮಾರು 400 ಮೀಟರ್ ಆಳದಲ್ಲಿ ದಪ್ಪ ಪದರ. ಸಂಜೆ ಅದು ಮೇಲೇಳಲು ಶುರುವಾಗಿ ಎರಡು ಗಂಟೆಯೊಳಗೆ 50 ಮೀಟರ್ ಹತ್ತಿರ ಬರುತ್ತದೆ. ಮೇಲೆ ಬಂದ ಪದರದ ಒಟ್ಟು ಪ್ರತಿಧ್ವನಿಯನ್ನು ಹಗಲಿನದರ ಜೊತೆ ಹೋಲಿಸಿದರೆ 18ರಲ್ಲಿ ಸುಮಾರು 6 ಡೆಸಿಬೆಲ್ ಕಡಿಮೆ, 38ರಲ್ಲಿ 2ರಿಂದ 3 ಡೆಸಿಬೆಲ್ ಮಾತ್ರ ಕಡಿಮೆ.

1. 6 ಡೆಸಿಬೆಲ್ ಅಂದರೆ ನಾಲ್ಕರಲ್ಲಿ ಮೂರು ಪಾಲು ಮೀನು ಮೇಲೆ ಬರಲೇ ಇಲ್ಲ ಎಂದು ಅರ್ಥವೇ? ಹಾಗಿದ್ದರೆ 38 ಏಕೆ ಅದನ್ನೇ ಹೇಳುತ್ತಿಲ್ಲ?
2. ಸುಮಾರು 100 ಮೀಟರಿನಲ್ಲಿ ಒಂದು ತೆಳು ಗೆರೆ ಹಗಲು ರಾತ್ರಿ ಅಲ್ಲೇ ಇರುತ್ತದೆ, 18 ಮತ್ತು 38ರಲ್ಲಿ ಮಾತ್ರ. ಇದು ಯಾವ ಜೀವಿ?
3. 200 ಕಿಲೋಹರ್ಟ್ಸ್‌ನಲ್ಲಿ 300 ಮೀಟರಿನ ಕೆಳಗೆಲ್ಲ ಬಣ್ಣ ತುಂಬಿಕೊಂಡಿದೆ. ಅಲ್ಲಿ ಇನ್ನೂ ಸಣ್ಣ ಜೀವಿಗಳಿವೆಯೇ?
4. ವೈವಾಕ್ಕೆ ಏನಾದರೂ ಪ್ರಾತ್ಯಕ್ಷಿಕೆ ಬೇಕು. ಫಿಶ್ ಫೈಂಡರ್ (ಮೀನುಗಾರರ ಸಣ್ಣ ಎಕೋ ಸೌಂಡರ್) ತೆಗೆದುಕೊಂಡು ಸೂಳೆಕೆರೆಗೋ ವಾಣಿವಿಲಾಸ ಸಾಗರಕ್ಕೋ ಹೋದರೆ ಇದನ್ನು ತೋರಿಸಬಹುದೇ?

ತರಂಗ38

ಮೊದಲನೆಯ ಪ್ರಶ್ನೆಗೆ ನೇರ ಉತ್ತರ: ಇಲ್ಲ. ಒಂದು ಮೀನೂ ಕಡಿಮೆಯಾಗದೆ ನಿಮ್ಮ ಎರಡೂ ಅಂಕಿಗಳು ಬರಬಹುದು. ಲೆಕ್ಕ ಹಾಕಿ ತೋರಿಸುತ್ತೇನೆ.

ಧ್ವನಿಯ ಪಾಲಿಗೆ ಮೀನಿನ ಮಾಂಸ ಹೆಚ್ಚುಕಡಿಮೆ ನೀರೇ. ಸಾಂದ್ರತೆಯಲ್ಲಿ, ಧ್ವನಿವೇಗದಲ್ಲಿ ಕೆಲವೇ ಶೇಕಡಾ ವ್ಯತ್ಯಾಸ. ಪ್ರತಿಧ್ವನಿ ಕೊಡುವುದು ಒಳಗಿನ ಗಾಳಿಚೀಲ. ಮಾರ್ಕೆಟ್ಟಿನಲ್ಲಿ ಕಾಟ್ಲಾ ಕೊಯ್ಯುವಾಗ ಬೆನ್ನುಮೂಳೆಯ ಕೆಳಗೆ, ಸೊಂಟದಲ್ಲಿ ದಾರ ಬಿಗಿದಂತೆ ಎರಡು ಭಾಗವಾಗಿರುವ ಬಿಳಿ ಬಲೂನು ಕಾಣುತ್ತದಲ್ಲ, ಅದೇ. ಗಾಳಿಚೀಲವಿರುವ ಮೀನಿನ ಪ್ರತಿಧ್ವನಿಯಲ್ಲಿ ಶೇ. 90ರಿಂದ 95 ಪಾಲು ಅದರದ್ದೇ ಎಂದು 1980ರಲ್ಲೇ ಅಳೆದು ತೋರಿಸಿದ್ದಾರೆ. 400 ಮೀಟರಿನಲ್ಲಿ 41 ವಾಯುಮಂಡಲದಷ್ಟು ಒತ್ತಡವಿದ್ದು ಅನಿಲ ದಟ್ಟವಾಗಿದ್ದರೂ ಅದರ ಧ್ವನಿ ಪ್ರತಿರೋಧ ನೀರಿನದರ ನೂರರಲ್ಲಿ ಒಂದು ಪಾಲಿನ ಆಸುಪಾಸು. ತಾಕಿದ ತರಂಗದ ವೈಶಾಲ್ಯದಲ್ಲಿ ಶೇ. 98 ಹಿಂದಕ್ಕೆ ಬರುತ್ತದೆ.

ಆದರೆ ಈ ಚೀಲ ಬರೀ ಕನ್ನಡಿಯಲ್ಲ, ಸ್ಪ್ರಿಂಗ್. ಅನಿಲ ಸ್ಪ್ರಿಂಗಿನಂತೆ, ಸುತ್ತಲ ನೀರು ತೂಕದಂತೆ. ಹಾಗಾಗಿ ಅದಕ್ಕೆ ತನ್ನದೇ ಅನುರಣನವಿದೆ, ಅಂದರೆ ಅತಿ ಜೋರಾಗಿ ಕಂಪಿಸುವ ಒಂದು ಫ್ರೀಕ್ವೆನ್ಸಿ:

ಅನುರಣನ ಫ್ರೀಕ್ವೆನ್ಸಿ (ಹರ್ಟ್ಸ್) = (3260 ÷ ಮಿಲಿಮೀಟರಿನಲ್ಲಿ ತ್ರಿಜ್ಯ) × √(1 + ಆಳ ÷ 10)

ಆಳ ಮೀಟರಿನಲ್ಲಿ. 1 ಮಿ.ಮೀ. ತ್ರಿಜ್ಯದ ಚೀಲಕ್ಕೆ 400 ಮೀಟರಿನಲ್ಲಿ 20.9 ಕಿಲೋಹರ್ಟ್ಸ್, 50 ಮೀಟರಿನಲ್ಲಿ ಸುಮಾರು 8. ಅಂದರೆ ಹಗಲಲ್ಲಿ ನಿಮ್ಮ 18 ಕಿಲೋಹರ್ಟ್ಸ್ ಅನುರಣನದ ಮಗ್ಗುಲಲ್ಲೇ ಇದೆ, ರಾತ್ರಿ ಅದರಿಂದ ಬಲುದೂರ.

ಒಂದು ಚೀಲದ ಹಿಂಚದುರಿಕೆ = ತ್ರಿಜ್ಯದ ವರ್ಗ ÷ [ (ಅನುಪಾತದ ವರ್ಗ − 1)ರ ವರ್ಗ + ಡ್ಯಾಂಪಿಂಗ್‌ನ ವರ್ಗ ]. ಅನುಪಾತವೆಂದರೆ ಅನುರಣನ ಫ್ರೀಕ್ವೆನ್ಸಿ ÷ ಬಳಸಿದ ಫ್ರೀಕ್ವೆನ್ಸಿ. ಡ್ಯಾಂಪಿಂಗ್ ಎಂದರೆ ಕಂಪನ ತಣಿಯುವ ಪ್ರಮಾಣ. ಬರೀ ನೀರಿನ ಗುಳ್ಳೆ ಗಂಟೆಯಂತೆ ಮೊಳಗುತ್ತದೆ. ಮೀನಿನ ಚೀಲದ ಸುತ್ತ ಮಾಂಸವಿರುವುದರಿಂದ ಬೇಗ ತಣಿಯುತ್ತದೆ. ಡ್ಯಾಂಪಿಂಗ್ 0.25 ಇಟ್ಟುಕೊಳ್ಳಿ. 1 ಮಿ.ಮೀ. ಚೀಲ, ಮೀನು ಮೇಲೆ ಬಂದರೂ ಗಾತ್ರ ಅಷ್ಟೇ ಇಟ್ಟುಕೊಂಡಿದೆ ಎಂದರೆ:

18 ಕಿಲೋಹರ್ಟ್ಸ್: ಹಗಲು −52.6, ರಾತ್ರಿ −58.5 ಡೆಸಿಬೆಲ್. ಇಳಿಕೆ 5.9.
38 ಕಿಲೋಹರ್ಟ್ಸ್: ಹಗಲು −57.4, ರಾತ್ರಿ −59.9. ಇಳಿಕೆ 2.5.

ನಿಮ್ಮ ಅಂಕಿಗಳೇ ಇವು.

ಇನ್ನೊಂದು ಸಾಧ್ಯತೆಯನ್ನೂ ನೋಡಿ. ಮೀನು ಅನಿಲ ಬಿಡದೆ ಹಾಗೇ ಮೇಲೆ ಬಂದರೆ ಒತ್ತಡ 41ರಿಂದ 6ಕ್ಕೆ ಇಳಿದು ಚೀಲ ಹಿಗ್ಗುತ್ತದೆ, ತ್ರಿಜ್ಯ 1.9 ಮಿ.ಮೀ. ಆಗುತ್ತದೆ. ಆಗ 18ರಲ್ಲಿ 1.6 ಡೆಸಿಬೆಲ್ ಇಳಿಕೆ, 38ರಲ್ಲಿ 2.8 ಡೆಸಿಬೆಲ್ ಏರಿಕೆ ಬರಬೇಕಿತ್ತು. ನಿಮ್ಮಲ್ಲಿ 38 ಇಳಿದಿದೆ. ಹಾಗಾಗಿ ಗಾತ್ರ ಕಾಯ್ದುಕೊಳ್ಳುವ ಮೀನು ಎನ್ನುವ ಕಡೆಗೇ ತಕ್ಕಡಿ ವಾಲುತ್ತದೆ. ಒಂದೇ ಫ್ರೀಕ್ವೆನ್ಸಿ ಇದ್ದಿದ್ದರೆ ಇದನ್ನು ಹೇಳಲು ಸಾಧ್ಯವೇ ಇರಲಿಲ್ಲ. ಪ್ರತಿಧ್ವನಿಯ ಬಲವನ್ನು ನೇರವಾಗಿ ಮೀನಿನ ಎಣಿಕೆ ಎಂದು ಓದುವುದು ಈ ಕ್ಷೇತ್ರದ ಅತಿ ದೊಡ್ಡ ತಪ್ಪು.

ಚಂದ್ರವಳ್ಳಿ

ತರಂಗ ಅವರ ಲೆಕ್ಕ ಸರಿ. ಆದರೆ ದತ್ತಾಂಶವನ್ನು ತೊಳೆಯದೆ ಅದಕ್ಕೆ ಹೊಂದಿಸಬೇಡಿ. ಎರಡನೆಯ, ಮೂರನೆಯ ಪ್ರಶ್ನೆಗಳೇ ಅದಕ್ಕೆ ಸಾಕ್ಷಿ.

100 ಮೀಟರಿನ ಗೆರೆ ಜೀವಿಯೇ ಅಲ್ಲ ಎಂದು ನನ್ನ ಅನುಮಾನ. ಪಿಂಗ್ ಅಂತರ 2 ಸೆಕೆಂಡ್ ಎಂದಿರಿ. ಅಷ್ಟರಲ್ಲಿ ಧ್ವನಿ 1500 ಮೀಟರ್ ಹೋಗಿ ಬರಬಹುದು. ಸಮುದ್ರದ ತಳ 1600 ಮೀಟರ್ ಇದ್ದರೆ ಹಿಂದಿನ ಪಿಂಗ್‌ನ ತಳದ ಪ್ರತಿಧ್ವನಿ ಈ ಪಿಂಗ್‌ನಲ್ಲಿ 100 ಮೀಟರಿಗೆ ಬಂದು ಕೂರುತ್ತದೆ. ಕಡತದ ಸ್ಥಾನಾಂಕ ತೆಗೆದು ಆಳದ ನಕ್ಷೆಯಲ್ಲಿ ತಳ ನೋಡಿ. 1600ರಿಂದ 1640ಕ್ಕೆ ಇಳಿಯುವಲ್ಲಿ ಗೆರೆಯೂ 100ರಿಂದ 140ಕ್ಕೆ ಇಳಿದರೆ ಅದು ತಳವೇ. ಹಡಗಿನಲ್ಲಿದ್ದವರಾದರೆ ಪಿಂಗ್ ಅಂತರವನ್ನು ಬದಲಿಸಿ ನೋಡುತ್ತಾರೆ: ನಿಜವಾದ ಪದರ ಕದಲುವುದಿಲ್ಲ, ಸುಳ್ಳು ತಳ ಜಿಗಿಯುತ್ತದೆ. 120 ಮತ್ತು 200ರಲ್ಲಿ ಕಾಣದಿರುವುದೂ ಇದಕ್ಕೇ ಹೊಂದುತ್ತದೆ, ಅಷ್ಟು ದೂರ ಹೋಗಿ ಬರುವ ಶಕ್ತಿ ಅವಕ್ಕಿಲ್ಲ.

ನಿಮ್ಮ 400 ಮೀಟರಿನಂಥ ಪದರದ ಇತಿಹಾಸ ಶುರುವಾದದ್ದೂ ಇಂಥ ಗೊಂದಲದಿಂದಲೇ. 1942ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಹೊರಗಡಲಲ್ಲಿ ಐರಿಂಗ್, ಕ್ರಿಸ್ಟೆನ್ಸನ್, ರೈಟ್ ಎಂಬ ಮೂವರು ಭೌತವಿಜ್ಞಾನಿಗಳು ಯುದ್ಧಕಾಲದ ಸೋನಾರ್ ಪ್ರಯೋಗದಲ್ಲಿ ನಡುನೀರಿನಿಂದ ಬರುವ ಪ್ರತಿಧ್ವನಿ ಕಂಡರು. ಅದು ಸಂಜೆ ಮೇಲೇರುತ್ತದೆ, ಹಾಗಾಗಿ ಜೀವಿಗಳದ್ದೇ ಎಂದು 1945ರಲ್ಲಿ ಮಾರ್ಟಿನ್ ಜಾನ್ಸನ್ ತೋರಿಸಿದರು. ಏರಿಳಿತ ಜೀವದ ಒಂದು ಗುರುತು. ನಿಮ್ಮ 100 ಮೀಟರ್ ಗೆರೆಗೆ ಆ ಗುರುತಿಲ್ಲ.

200 ಕಿಲೋಹರ್ಟ್ಸ್‌ನ ಬಣ್ಣ ಬರೀ ಗದ್ದಲ. ಉಪ್ಪುನೀರಿನಲ್ಲಿ ಹೀರಿಕೆ 38ಕ್ಕೆ ಕಿಲೋಮೀಟರಿಗೆ ಸುಮಾರು 10 ಡೆಸಿಬೆಲ್, 200ಕ್ಕೆ ಸುಮಾರು 50. 400 ಮೀಟರ್ ಹೋಗಿ ಬರಲು 200ರಲ್ಲಿ 40 ಡೆಸಿಬೆಲ್ ಹೀರಿಕೆಗೇ ಹೋಯಿತು. ಅದನ್ನು ತುಂಬಲು ತಂತ್ರಾಂಶ ಆಳ ಹೆಚ್ಚಿದಂತೆ ವರ್ಧನೆ ಹೆಚ್ಚಿಸುತ್ತದೆ, ಮೀನಿಲ್ಲದ ಕಡೆ ಗದ್ದಲವೇ ವರ್ಧಿಸಿ ಬಣ್ಣವಾಗುತ್ತದೆ. ಗುರುತಿಸುವುದು ಸುಲಭ: ಆಳಕ್ಕೆ ಹೋದಂತೆ ಒಂದೇ ಸಮನೆ ಏರುತ್ತದೆ, ಅಂಚಿಲ್ಲ, ಹಗಲು ರಾತ್ರಿ ಒಂದೇ. ಪ್ರತಿ ಆಳದಲ್ಲೂ ಸಂಕೇತ ಗದ್ದಲಕ್ಕಿಂತ ಕನಿಷ್ಠ 10 ಡೆಸಿಬೆಲ್ ಮೇಲಿಲ್ಲದಿದ್ದರೆ ಆ ಕೋಶವನ್ನು (ದತ್ತಾಂಶದ ಒಂದು ಚೌಕ) ಬಿಟ್ಟುಬಿಡಿ. 120ನ್ನೂ ಹೀಗೇ ಪರೀಕ್ಷಿಸಿ. ಈ ಪದರದ ಲೆಕ್ಕಕ್ಕೆ ನಿಮಗೆ ಉಳಿಯುವುದು 18 ಮತ್ತು 38 ಎರಡೇ.

ಇನ್ನು ಮೊದಲ ಪ್ರಶ್ನೆಗೆ ನನ್ನ ಆಕ್ಷೇಪ. ರಾತ್ರಿಯ ಇಳಿಕೆಗೆ ಇನ್ನೂ ಮೂರು ಕಾರಣಗಳಿರಬಹುದು.

ಒಂದು, ಹಡಗಿನ ಹೊಟ್ಟೆಯ ಕೆಳಗಿರುವ ಟ್ರಾನ್ಸ್‌ಡ್ಯೂಸರ್ (ಧ್ವನಿ ಕಳಿಸಿ ಕೇಳುವ ಭಾಗ) ತನ್ನ ಮೇಲಿನದನ್ನೂ ತೀರಾ ಹತ್ತಿರದ್ದನ್ನೂ ನೋಡುವುದಿಲ್ಲ. ಮೇಲಿನ 10ರಿಂದ 15 ಮೀಟರ್ ಕುರುಡು. ಅಲ್ಲಿಗೆ ಏರಿದ ಮೀನು ನಿಮ್ಮ ಮೊತ್ತದಿಂದ ಮಾಯ.

ಎರಡು, ಎಲ್ಲವೂ ಮೇಲೆ ಬರುವುದಿಲ್ಲ. ಸೈಕ್ಲೋಥೋನ್ ಎಂಬ ಬೆರಳುದ್ದದ ಮೀನು ಹಗಲು ರಾತ್ರಿ ಆಳದಲ್ಲೇ ಇರುತ್ತದೆ. ಭೂಮಿಯ ಮೇಲೆ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಬೆನ್ನೆಲುಬಿನ ಪ್ರಾಣಿಗಳಲ್ಲಿ ಅದೂ ಒಂದು. ರಾತ್ರಿ 400 ಮೀಟರಿನಲ್ಲಿ ಎಷ್ಟು ಉಳಿದಿದೆ ಎಂದು ಪ್ರತ್ಯೇಕ ಕೂಡಿ, ಹಗಲಿನದರಿಂದ ಕಳೆಯಿರಿ.

ಮೂರು, ಮೀನೇ ಅಲ್ಲದಿರಬಹುದು. ಸೈಫನೋಫೋರ್ ಎಂಬ ಲೋಳೆಮೀನಿನ ಬಂಧುಗಳಲ್ಲಿ ಕೆಲವಕ್ಕೆ ತಲೆಯಲ್ಲಿ ಸಣ್ಣ ಅನಿಲದ ತೇಲುಗುಂಡು ಇರುತ್ತದೆ. ಆ ಒಂದು ಗುಂಡು ಒಂದು ಮೀನಿನಷ್ಟೇ ಮೊಳಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಮಿಕ್ಟೋಫಿಡ್ ಎಂಬ ಲಾಟೀನು ಮೀನುಗಳ ಕೆಲವು ಜಾತಿಗಳಲ್ಲಿ ಬೆಳೆದ ಮೇಲೆ ಚೀಲದಲ್ಲಿ ಅನಿಲದ ಬದಲು ಕೊಬ್ಬು ತುಂಬುತ್ತದೆ. ದೊಡ್ಡ ಮೀನು, ಆದರೆ 38ರಲ್ಲಿ ಕಂಡೂ ಕಾಣದಂತೆ. ಬಲೆ ಹಾಕಿ ನೋಡದೆ ಯಾರಿದ್ದಾರೆಂದು ಪ್ರತಿಧ್ವನಿಯೊಂದರಿಂದಲೇ ಹೇಳಲಾಗದು. ನಮ್ಮಲ್ಲಿ ಸಾಗರ ಸಂಪದಾ ಸಂಶೋಧನಾ ಹಡಗಿನ ಸಮೀಕ್ಷೆಗಳು ಅರಬ್ಬೀ ಸಮುದ್ರದ ಲಾಟೀನು ಮೀನುಗಳನ್ನು ಬಲೆ ಹಾಕಿಯೂ ಹಿಡಿದು ನೋಡಿರುವುದು ಇದಕ್ಕೇ. ಬಲೆಯನ್ನೂ ಪೂರ್ತಿ ನಂಬುವಂತಿಲ್ಲ, ಈ ಮೀನುಗಳು ಬಲೆ ಬರುವುದನ್ನು ಅರಿತು ತಪ್ಪಿಸಿಕೊಳ್ಳುತ್ತವೆ.

ಈ ಅನಿಶ್ಚಯ ಎಷ್ಟು ದೊಡ್ಡದೆಂದರೆ, ಜಗತ್ತಿನ ನಡುನೀರಿನ ಮೀನಿನ ಒಟ್ಟು ತೂಕ 100 ಕೋಟಿ ಟನ್ ಎಂದಿದ್ದುದನ್ನು 2010ರ ಮಲಾಸ್ಪಿನಾ ಎಂಬ ಸಾಗರ ಸಂಶೋಧನಾ ಯಾನದ 38 ಕಿಲೋಹರ್ಟ್ಸ್ ದತ್ತಾಂಶ ಇಟ್ಟುಕೊಂಡು 2014ರಲ್ಲಿ ಹತ್ತು ಪಟ್ಟು ಏರಿಸಿದರು. 2019ರಲ್ಲಿ ಚೀಲದ ಗಾತ್ರ, ಅನಿಲವಿಲ್ಲದ ಮೀನಿನ ಪಾಲು ಇವನ್ನೆಲ್ಲ ಬದಲಿಸಿ ಲೆಕ್ಕ ಹಾಕಿದಾಗ ಉತ್ತರ 180 ಕೋಟಿಯಿಂದ 1600 ಕೋಟಿ ಟನ್‌ವರೆಗೆ ಹಿಗ್ಗಿತು. ಪ್ರತಿಧ್ವನಿ ಅದೇ, ಅದರೊಳಗಿನ ಚೀಲದ ಬಗ್ಗೆ ಇಟ್ಟುಕೊಂಡ ಊಹೆ ಬೇರೆ.

ಹಿರಿಯೂರು_ಹಿನ್ನೀರು

ನಾಲ್ಕನೆಯದಕ್ಕೆ ನಾನು ಹೇಳುತ್ತೇನೆ. ವಾಣಿವಿಲಾಸ ಸಾಗರಕ್ಕೆ ಫಿಶ್ ಫೈಂಡರ್ ಒಯ್ದರೆ ಮೀನು ಕಾಣುತ್ತದೆ, ಅನುರಣನ ಕಾಣುವುದಿಲ್ಲ. 20 ಸೆಂ.ಮೀ. ಗೆಂಡೆ ಮೀನಿನ ಗಾಳಿಚೀಲ ಸುಮಾರು 8 ಮಿ.ಲೀ., ಅಷ್ಟೇ ಗಾತ್ರದ ಗುಂಡು ಎಂದುಕೊಂಡರೆ ತ್ರಿಜ್ಯ 12 ಮಿ.ಮೀ. 10 ಮೀಟರ್ ಆಳದಲ್ಲಿ ಅದರ ಅನುರಣನ 400 ಹರ್ಟ್ಸ್ ಒಳಗೆ. ನಿಮ್ಮ ಉಪಕರಣ 50 ಅಥವಾ 200 ಕಿಲೋಹರ್ಟ್ಸ್. ನೂರು ಪಟ್ಟಿಗಿಂತ ಹೆಚ್ಚು ದೂರ. ದೋಣಿ, ಅನುಮತಿ, ಲೈಫ್ ಜಾಕೆಟ್ ಎಲ್ಲ ಮಾಡಿಯೂ ಬೇಕಾದ ವಿಷಯ ಸಿಗುವುದಿಲ್ಲ.

ಲ್ಯಾಬಿನಲ್ಲಿ 200 ಲೀಟರ್ ಪ್ಲಾಸ್ಟಿಕ್ ಡ್ರಮ್ ಸಾಕು. ಗುಳ್ಳೆ ನಳಿಗೆಯಿಂದ ಕಿತ್ತುಕೊಳ್ಳುವ ಕ್ಷಣದಲ್ಲಿ ತಾನೇ ಮೊಳಗುತ್ತದೆ, ಅದೇ ಸೂತ್ರ ಅಲ್ಲೂ.

ಬೇಕಾದದ್ದು: ಒಳವ್ಯಾಸ 2 ಮಿ.ಮೀ. ಲೋಹದ ನಳಿಗೆ, ಅಕ್ವೇರಿಯಂ ಟ್ಯೂಬು, 50 ಮಿ.ಲೀ. ಸಿರಿಂಜ್, 27 ಮಿ.ಮೀ. ಪೀಜೋ ಬಿಲ್ಲೆ (ಕಂಪನವನ್ನು ವಿದ್ಯುತ್ತಾಗಿಸುವ ತಟ್ಟೆ, ಇಲ್ಲಿ ಅದೇ ಮೈಕ್), ಕವಚವಿರುವ ಮೈಕ್ ವೈರು, ಎಪಾಕ್ಸಿ ಅಂಟು, 10 ಮಿ.ಲೀ. ಅಳತೆ ಸಿಲಿಂಡರ್, ಧ್ವನಿ ದಾಖಲಿಸುವ ಆಡಾಸಿಟಿ ತಂತ್ರಾಂಶ ಹಾಕಿದ ಲ್ಯಾಪ್‌ಟಾಪ್.

ಬಿಲ್ಲೆಗೆ ವೈರು ಬೆಸೆದು ಎರಡೂ ಬದಿಗೆ ಎಪಾಕ್ಸಿ ಬಳಿದು ಒಂದು ದಿನ ಒಣಗಿಸಿ. ಡ್ರಮ್ಮಿಗೆ ನೀರು ತುಂಬಿ ರಾತ್ರಿಯಿಡೀ ಬಿಡಿ. ತಕ್ಷಣ ಶುರುಮಾಡಿದರೆ ನೀರಿನಲ್ಲಿ ಕರಗಿದ್ದ ಗಾಳಿ ಬಿಲ್ಲೆಗೂ ಗೋಡೆಗೂ ಸಾಸಿವೆಯಂಥ ಗುಳ್ಳೆಗಳಾಗಿ ಅಂಟಿಕೊಳ್ಳುತ್ತದೆ, ಪ್ರತಿ ಗುಳ್ಳೆಯೂ ಧ್ವನಿ ಕುಡಿಯುತ್ತದೆ. ಸೋಪಿನ ಕೈ ಮುಳುಗಿಸಬೇಡಿ. ಮೇಲ್ಮೈ ಸೆಳೆತ ತಗ್ಗಿ ಗುಳ್ಳೆ ಕಿರಿದಾಗುತ್ತದೆ.

ನಳಿಗೆಯ ಬಾಯಿ ಮೇಲ್ಮುಖವಾಗಿ, 50 ಸೆಂ.ಮೀ. ಆಳದಲ್ಲಿ, ಡ್ರಮ್ಮಿನ ನಡುವಿಗೆ ಇರಲಿ. ಬಿಲ್ಲೆ ಅದರಿಂದ 5 ಸೆಂ.ಮೀ. ದೂರದಲ್ಲಿ. ಇದಕ್ಕಿಂತ ದೂರ ಇಟ್ಟರೆ ಸದ್ದು ಸಿಗದು, ಕಾರಣವಿದೆ: ಈ ಅಳತೆಯ ಡ್ರಮ್ಮಿನ ಮೊದಲ ಸ್ವಂತ ಕಂಪನ ಸುಮಾರು 2.2 ಕಿಲೋಹರ್ಟ್ಸ್, ಅದಕ್ಕಿಂತ ಕೆಳಗಿನ ಧ್ವನಿ ಒಳಗೆ ಹರಡದೆ 10 ಸೆಂ.ಮೀ.ಯಲ್ಲೇ ಕರಗಿಹೋಗುತ್ತದೆ. ಸೆಕೆಂಡಿಗೆ ಒಂದು ಗುಳ್ಳೆಗಿಂತ ಬೇಗ ಬಿಡಬೇಡಿ, ಒಂದರ ಮೇಲೊಂದು ಸೇರಿಕೊಂಡುಬಿಡುತ್ತವೆ. ಪ್ಲಾಸ್ಟಿಕ್ ನಳಿಗೆ ಬೇಡ, ಗಾಳಿ ಅದರ ಹೊರ ಅಂಚಿಗೂ ಹರಡಿ ಗುಳ್ಳೆ ದೊಡ್ಡದಾಗುತ್ತದೆ.

2 ಮಿ.ಮೀ. ನಳಿಗೆಗೆ ಗುಳ್ಳೆಯ ತ್ರಿಜ್ಯ ಸುಮಾರು 2.2 ಮಿ.ಮೀ. ಬರಬೇಕು. ಪುಸ್ತಕದ ಲೆಕ್ಕವನ್ನೇ ನೆಚ್ಚದೆ ಅಳೆಯಿರಿ: ತಲೆಕೆಳಗು ಮಾಡಿದ ಸಿಲಿಂಡರಿನ ಬಾಯಿಯನ್ನು ನೀರಿನ ಮೇಲ್ಮೈಯ ಸ್ವಲ್ಪ ಕೆಳಗೆ ಹಿಡಿದು 200 ಗುಳ್ಳೆ ಕೂಡಿಸಿ, ಸುಮಾರು 9.6 ಮಿ.ಲೀ. ಆಗುತ್ತದೆ. ಮೇಲೆ ಬರುವಾಗ ಗುಳ್ಳೆ ಶೇ. 5ರಷ್ಟು ಹಿಗ್ಗಿರುತ್ತದೆ, ಆ ಪಾಲನ್ನು ಕಳೆದು 200ರಿಂದ ಭಾಗಿಸಿದರೆ ನಳಿಗೆಯ ಬಾಯಲ್ಲಿದ್ದ ಗಾತ್ರ.

ಈಗ ಊರಿನ ವಿಷಯ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ವಾಯುಒತ್ತಡ 101 ಅಲ್ಲ, 94ರಿಂದ 95 ಕಿಲೋಪ್ಯಾಸ್ಕಲ್. ಸಮುದ್ರಮಟ್ಟದ ಒತ್ತಡ ಹಾಕಿ, ಸಿಹಿನೀರಿಗೆ 3260ರ ಬದಲು 3283 ಇಟ್ಟು ಲೆಕ್ಕ ಮಾಡಿದರೆ ನಿಮಗೆ 1515 ಹರ್ಟ್ಸ್ ಬರುತ್ತದೆ. ಸ್ಥಳೀಯ ಒತ್ತಡ ಹಾಕಿದರೆ 1465. ಆಡಾಸಿಟಿಯಲ್ಲಿ 44,100 ಸ್ಯಾಂಪಲ್, 1024 ಗಾತ್ರದ ಕಿಟಕಿ ಇಟ್ಟರೆ ಫ್ರೀಕ್ವೆನ್ಸಿಯ ಮೆಟ್ಟಿಲು 43 ಹರ್ಟ್ಸ್, ಈ 50 ಹರ್ಟ್ಸ್ ವ್ಯತ್ಯಾಸ ಅಷ್ಟರಲ್ಲೇ ಮುಚ್ಚಿಹೋಗುತ್ತದೆ. ಬದಲಿಗೆ ಅಲೆಯನ್ನು ಹಿಗ್ಗಿಸಿ, ಮೊದಲ ಎಂಟು ಆವರ್ತಗಳ ಕಾಲ ಅಳೆದು ಭಾಗಿಸಿ. ಗುಳ್ಳೆಯ ದನಿ 6 ಮಿಲಿಸೆಕೆಂಡಿನಲ್ಲಿ ಮೂರನೇ ಒಂದಕ್ಕೆ ಇಳಿಯುತ್ತದೆ, ಎಂಟು ಆವರ್ತ ಅದರೊಳಗೆ ಸಿಗುತ್ತವೆ. ಒತ್ತಡ ಶೇ. 7 ಕಡಿಮೆಯಾದರೆ ಸ್ವರ ಶೇ. 3 ಇಳಿಯುತ್ತದೆ ಎಂದು ನಮ್ಮೂರಿನ ಎತ್ತರದಿಂದಲೇ ತೋರಿಸಬಹುದು. 400 ಮೀಟರ್ ಆಳದಲ್ಲಿ ನಡೆಯುವುದೂ ಇದೇ, ದಿಕ್ಕು ಮಾತ್ರ ಬೇರೆ.

ಎರಡನೆಯ ನಳಿಗೆ 1 ಮಿ.ಮೀ. ಇಡಿ, ಸುಮಾರು 1850 ಹರ್ಟ್ಸ್ ಬರಬೇಕು. ಅದಕ್ಕೂ ಕಿರಿದಾದರೆ ಡ್ರಮ್ಮಿನ ಸ್ವಂತ ಕಂಪನಕ್ಕೆ ಸಿಕ್ಕಿ ಅಂಕಿ ಕೆಡುತ್ತದೆ.

ಕುಂದುವಾಡ_ಕೆರೆ

ಮೂವರಿಗೂ ಧನ್ಯವಾದ. ತಳದ ಆಳ ನೋಡಿದೆ. ಗೆರೆ 100 ಇರುವಲ್ಲಿ ತಳ 1600ರ ಆಸುಪಾಸು, ಮುಂದೆ ಎರಡೂ ಜೊತೆಯಾಗೇ ಇಳಿಯುತ್ತವೆ. ಚಂದ್ರವಳ್ಳಿ ಮೇಡಂ ಹೇಳಿದಂತೆ ಅದು ತಳವೇ, ತೆಗೆದುಹಾಕಿದೆ. ರಾತ್ರಿ 400ರಲ್ಲಿ ಉಳಿದದ್ದನ್ನೂ ಕಳೆದೆ. ಈಗ 18ರ ಇಳಿಕೆ 5 ಡೆಸಿಬೆಲ್, 38ರದ್ದು 2ಕ್ಕಿಂತ ಕಡಿಮೆ. ಪದರದ ಸರಾಸರಿಯನ್ನು ಪ್ರತಿ ಕೋಶದ ಡೆಸಿಬೆಲ್ ಕೂಡಿಸಿ ಭಾಗಿಸಿ ತೆಗೆದಿದ್ದೇನೆ, ಸರಿಯೇ? ಮೇಲಿನ 15 ಮೀಟರಿನ ಕುರುಡು ಜಾಗದ ಅನುಮಾನವನ್ನು ಹೇಗೆ ತೀರಿಸಿಕೊಳ್ಳುವುದು?

ಚಂದ್ರವಳ್ಳಿ

ಸರಾಸರಿ ತಪ್ಪು. ಮೊದಲು ಪ್ರತಿ ಕೋಶವನ್ನು ನೇರ ಪ್ರಮಾಣಕ್ಕೆ ತನ್ನಿ, ಸರಾಸರಿ ತೆಗೆಯಿರಿ, ಆಮೇಲೆ ಡೆಸಿಬೆಲ್ ಮಾಡಿ. −50 ಮತ್ತು −60ರ ಸರಾಸರಿ −55 ಅಲ್ಲ, −52.6. ರಾತ್ರಿಯ ಪದರ ಗುಂಪುಗುಂಪಾಗಿ ಒಡೆದಿರುವುದರಿಂದ ಅಲ್ಲಿ ಈ ತಪ್ಪು ದೊಡ್ಡದಾಗುತ್ತದೆ, ಹಗಲಿನ ಸಮನಾದ ಪದರದಲ್ಲಿ ಚಿಕ್ಕದು. ಅಂದರೆ ರಾತ್ರಿಯ ಇಳಿಕೆಯಲ್ಲಿ ಒಂದು ಭಾಗ ನಿಮ್ಮ ಲೆಕ್ಕವೇ ಹುಟ್ಟಿಸಿದ್ದು. ಮತ್ತೆ ಓಡಿಸಿ.

ತರಂಗ38

ಕುರುಡು ಜಾಗದಲ್ಲಿ ಕಳೆದುಹೋದ ಮೀನು 18ರಿಂದಲೂ 38ರಿಂದಲೂ ಒಂದೇ ಪಾಲು ಕಳೆಯುತ್ತದೆ. ಹಾಗಾಗಿ ಎರಡು ಫ್ರೀಕ್ವೆನ್ಸಿಗಳ ವ್ಯತ್ಯಾಸವನ್ನೇ ನೋಡಿ, ಪ್ರತ್ಯೇಕ ಇಳಿಕೆಯನ್ನಲ್ಲ. ಗಾತ್ರ ಕಾಯ್ದುಕೊಂಡರೆ 18 ಮತ್ತು 38ರ ಅಂತರ ಹಗಲಲ್ಲಿ 4.8, ರಾತ್ರಿ 1.4 ಡೆಸಿಬೆಲ್. ಅನಿಲ ಹಾಗೇ ಇಟ್ಟುಕೊಂಡರೆ ರಾತ್ರಿ 0.4. ಈ ಎರಡರ ನಡುವೆ 1 ಡೆಸಿಬೆಲ್ ಮಾತ್ರ ಇರುವುದರಿಂದ ಸಂಜೆಯ ಕಡತ ತೀರ್ಪು ಕೊಡಲಾರದು. ಎರಡೂ ಫ್ರೀಕ್ವೆನ್ಸಿಗಳು ಒಂದೇ ಪ್ರಮಾಣಗುಂಡಿನಿಂದ (ಪ್ರತಿಧ್ವನಿ ಎಷ್ಟೆಂದು ಮೊದಲೇ ಗೊತ್ತಿರುವ ಗುಂಡು) ಕ್ಯಾಲಿಬ್ರೇಟ್ ಆಗಿರಬೇಕು, ಸಾಮಾನ್ಯವಾಗಿ 38.1 ಮಿ.ಮೀ. ಟಂಗ್‌ಸ್ಟನ್ ಕಾರ್ಬೈಡ್ ಗುಂಡು. ಆ ಫಲಿತಾಂಶ ಕಡತದ ಜೊತೆ ಇದೆಯೇ ನೋಡಿ.

ಬೆಳಗಿನ ಜಾವದ ಕಡತ ತೆರೆಯಿರಿ. ಮೇಲೇರುವಾಗ ಅನಿಲವನ್ನು ರಕ್ತಕ್ಕೆ ಹೀರಿಕೊಳ್ಳುವುದು ಮೀನಿಗೆ ಬೇಗ ಆಗುವ ಕೆಲಸ. ಇಳಿದ ಮೇಲೆ 41 ವಾಯುಮಂಡಲದ ಒತ್ತಡದ ಎದುರು ಗ್ರಂಥಿಯಿಂದ ಅನಿಲ ತುಂಬುವುದು ನಿಧಾನ. 50 ಮೀಟರಿನಲ್ಲಿ 1 ಮಿ.ಮೀ. ಇದ್ದ ಚೀಲ, ಅನಿಲ ತುಂಬದೆ 400ಕ್ಕೆ ಇಳಿದರೆ 0.53 ಮಿ.ಮೀ.ಗೆ ಕುಗ್ಗುತ್ತದೆ, ಅನುರಣನ 39.6 ಕಿಲೋಹರ್ಟ್ಸ್‌ಗೆ ಏರುತ್ತದೆ. ಆಗ 38ರಲ್ಲಿ −54, 18ರಲ್ಲಿ −77. ಅಂದರೆ ಪದರ 38ರಲ್ಲಿ ಹೊಳೆಯುತ್ತಿರುವಾಗ 18ರಲ್ಲಿ ಹೆಚ್ಚುಕಡಿಮೆ ಮಾಯವಾಗಬೇಕು. ಹೊತ್ತು ಏರಿ ಚೀಲ ತುಂಬಿದಂತೆ 18 ನಿಧಾನವಾಗಿ ಮರಳಬೇಕು.

ಪದರ ಇಳಿದು ನಿಂತ ಕ್ಷಣದಿಂದ ಮಧ್ಯಾಹ್ನದವರೆಗೆ 10 ನಿಮಿಷಕ್ಕೊಂದು ಬಿಂದುವಿನಂತೆ 18ರಿಂದ 38ನ್ನು ಕಳೆದು ಗ್ರಾಫ್ ಹಾಕಿ. ಸೊನ್ನೆಯ ಕೆಳಗಿನಿಂದ ಹೊರಟು 5ರ ಕಡೆಗೆ ಏರಿದರೆ ಚೀಲ ತುಂಬುವುದನ್ನೇ ನೀವು ಅಳೆದಂತೆ. ಬೆಳಗಿನಿಂದಲೇ 5ರಲ್ಲಿ ಚಪ್ಪಟೆಯಾಗಿದ್ದರೆ ಇಳಿಯುವಾಗಲೇ ಗಾತ್ರ ಕಾಯ್ದುಕೊಂಡಿವೆ ಎಂದಾಯಿತು, ಇಲ್ಲವೇ ಅದು ಈ ಗಾತ್ರದ ಚೀಲದ ಮೀನೇ ಅಲ್ಲ. ಆಗ ಸೈಫನೋಫೋರ್ ಕಡೆ ನೋಡಬೇಕಾಗುತ್ತದೆ. ಗ್ರಾಫ್ ಬಂದ ಮೇಲೆ ಇಲ್ಲೇ ಹಾಕಿ, ಡ್ಯಾಂಪಿಂಗ್ 0.2ರಿಂದ 0.5ರವರೆಗೆ ಬದಲಿಸಿ ಹೊಂದಿಸುವುದು ಹೇಗೆಂದು ನೋಡೋಣ.